ಹಿತ್ತಾಳೆ ಗಿಂಡಿಯ ಮೇಲೆ ಕಾಫಿ ರೆಂಬೆ: ಮೈಯಲ್ಲಿ ಪಟ್ಟಿ ಕಾಣುತ್ತಿದೆ, ಎಲೆ ಎಳೆದುಕೊಳ್ಳುತ್ತಿದೆ, ಏನು ಮಾಡಲಿ?

ಹೇಮಾವತಿ ದಂಡೆ (ಹಾಸನ):

ಎಲ್ಲರಿಗೂ ನಮಸ್ಕಾರ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಹಾಸನದ ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದೇನೆ. ಡ್ರಾಯಿಂಗ್ ಎಲ್ಲ ನಾನೇ ನೋಡಿಕೊಳ್ಳುವುದು. ನಮ್ಮಲ್ಲಿಗೆ ಬರುವುದು ಬ್ರಾಕೆಟ್, ಫ್ಲಾಂಜ್, ಬುಷ್, ಪಂಪಿನ ಕವರ್ ಇಂಥವು. ಗೆರೆ ಎಳೆದು, ವೃತ್ತ ಹಾಕಿ, ಎಕ್ಸ್‌ಟ್ರೂಡ್ ಮಾಡಿ, ಮೂಲೆಗೆ ಫಿಲೆಟ್ ಕೊಟ್ಟು ಉರುಟು ಮಾಡಿದರೆ ಮುಗಿಯಿತು.

ಈಗ ಬೇರೆ ಥರದ ಕೆಲಸ ಬಂದಿದೆ. ಮೂಡಿಗೆರೆ ಕಡೆ ನಮ್ಮ ಸೋದರಮಾವನ ತೋಟದಲ್ಲಿ ಹೋಮ್‌ಸ್ಟೇ ಇದೆ. ಮನೆಗೆ ಬಂದವರಿಗೆ ಕೈಕಾಲು ತೊಳೆಯಲು ನೀರು ಕೊಡುವ ಪದ್ಧತಿಯನ್ನು ಅವರು ಇನ್ನೂ ಬಿಟ್ಟಿಲ್ಲ. ಅದಕ್ಕೆ ಹಿತ್ತಾಳೆ ಗಿಂಡಿಗಳನ್ನು ಮಾಡಿಸಬೇಕು, ಹೊಟ್ಟೆಯ ಮೇಲೆ ಕಾಫಿ ರೆಂಬೆ ಉಬ್ಬಾಗಿ ಬರಬೇಕು, ಎಲೆ ಹಣ್ಣು ಎಲ್ಲ ಇರಬೇಕು ಅಂತ ಅವರ ಆಸೆ. ಎರಕದವರು ಒಪ್ಪಿದ್ದಾರೆ. ನಾನು ಕ್ಯಾಡ್‌ನಲ್ಲಿ ಮಾಡಿ ತ್ರೀಡಿ ಪ್ರಿಂಟ್ ತೆಗೆದು ಕೊಟ್ಟರೆ ಅದನ್ನೇ ಪ್ಯಾಟರ್ನ್ ಆಗಿ ಇಟ್ಟು ಮರಳಿನಲ್ಲಿ ಅಚ್ಚು ಮಾಡುತ್ತಾರಂತೆ.

ಅಳತೆ ಹೀಗಿದೆ: ಎತ್ತರ 150 ಮಿ.ಮೀ., ಹೊಟ್ಟೆಯ ಅಗಲ 120, ಕಂಠ 50. ರೆಂಬೆಯ ಉಬ್ಬು 1.5 ಮಿ.ಮೀ. ಅಂದುಕೊಂಡಿದ್ದೇನೆ. ಬಳಸುತ್ತಿರುವುದು ಫ್ರೀಕ್ಯಾಡ್. ದುಡ್ಡು ಕೊಟ್ಟು ತರುವ ಸಾಫ್ಟ್‌ವೇರ್ ನಮ್ಮ ವರ್ಕ್‌ಶಾಪಿಗೆ ಸದ್ಯಕ್ಕೆ ಆಗುವುದಿಲ್ಲ.

ಸಿಕ್ಕಿಕೊಂಡಿರುವುದು ಎರಡು ಕಡೆ.

ಒಂದು, ಮೈ. ಆರ್ಕ್‌ಗೆ ಆರ್ಕ್ ಟ್ಯಾಂಜೆಂಟ್ ಮಾಡಿ ಪ್ರೊಫೈಲ್ (ಪಕ್ಕದಿಂದ ಕಾಣುವ ಹೊರಗೆರೆ) ಬರೆದು, ನಡು ಅಕ್ಷದ ಸುತ್ತ ತಿರುಗಿಸಿ ಮೈ ಬರುವ ಹಾಗೆ ರಿವಾಲ್ವ್ ಮಾಡಿದ್ದೇನೆ. ಮೂತಿಯನ್ನು ಏಳು ಸೆಕ್ಷನ್ (ಅಡ್ಡಕೊಯ್ತದ ಆಕಾರ) ಇಟ್ಟು, ಅವುಗಳ ಮೂಲಕ ಮೈ ಹಾಯುವ ಹಾಗೆ ಲಾಫ್ಟ್ ಮಾಡಿ, ಹೊಟ್ಟೆಗೆ ಕೂಡಿಸಿ, ಕೂಡುವ ಅಂಚಿಗೆ 8 ಮಿ.ಮೀ. ಫಿಲೆಟ್ ಕೊಟ್ಟಿದ್ದೇನೆ. ಸ್ಕ್ರೀನಿನ ಮೇಲೆ ಏನೂ ತಪ್ಪು ಕಾಣುವುದಿಲ್ಲ. ಪ್ರಿಂಟ್ ತೆಗೆದು, ಉಜ್ಜಿ, ಹೊಳೆಯುವ ಸ್ಪ್ರೇ ಪೇಂಟ್ ಹೊಡೆದಾಗ ಹೊಟ್ಟೆ ಮುಗಿದು ಕಂಠ ಶುರುವಾಗುವ ಕಡೆ ಸುತ್ತಲೂ ಒಂದು ಪಟ್ಟಿ ಎದ್ದು ಕಾಣುತ್ತದೆ. ಮೂತಿಯ ಬುಡದಲ್ಲೂ ಅಷ್ಟೆ. ಕೈಯಾಡಿಸಿದರೆ ಏನೂ ಸಿಗುವುದಿಲ್ಲ, ಕಣ್ಣಿಗೆ ಮಾತ್ರ ಕಾಣುತ್ತದೆ. ಮೂತಿಯ ಮೈ ಕೂಡ ಅಲೆಅಲೆಯಾಗಿದೆ.

ಎರಡು, ರೆಂಬೆ. ಫೋಟೊ ಟ್ರೇಸ್ ಮಾಡಿ ಎದುರಿನಿಂದ ಹೊಟ್ಟೆಗೆ ಪ್ರೊಜೆಕ್ಟ್ ಮಾಡಿದೆ. ನಡುವಿನ ಎಲೆ ಸರಿಯಿದೆ, ಪಕ್ಕಕ್ಕೆ ಹೋದ ಎಲೆಗಳು ಎಳೆದುಕೊಂಡು ಉದ್ದವಾಗಿವೆ. ಹೊಟ್ಟೆಯ ಮೇಲ್ಮೈಯನ್ನೇ 1.5 ಮಿ.ಮೀ. ಆಫ್‌ಸೆಟ್ ಮಾಡಿ ಎಲೆಯ ಆಕಾರಕ್ಕೆ ಕತ್ತರಿಸಿದರೆ ಎಲ್ಲ ಕಡೆ ಒಂದೇ ದಪ್ಪ ಬರುತ್ತದೆ, ಮೇಲೆ ಅಂಟಿಸಿದ ಹಾಗೆ ಕಾಣುತ್ತದೆ.

ಗೆಳೆಯನೊಬ್ಬ, ಇದೆಲ್ಲ ಕ್ಯಾಡ್‌ನ ಕೆಲಸವೇ ಅಲ್ಲ, ಪೂರ್ತಿ ಬ್ಲೆಂಡರ್ ಅನ್ನುವ ತ್ರೀಡಿ ಸಾಫ್ಟ್‌ವೇರ್‌ನಲ್ಲಿ ಕೆತ್ತಿಬಿಡು ಅನ್ನುತ್ತಾನೆ. ಹೌದಾ? ತಿಳಿದವರು ದಾರಿ ತೋರಿಸಿ.

ಯಗಚಿ (ಬೇಲೂರು):

ಗಿಂಡಿಯನ್ನು ಕ್ಯಾಡ್‌ನಲ್ಲೇ ಮಾಡಿ. ನಿಮಗೆ ಒಳಗಡೆ ಕೋರ್ (ಎರಕದಲ್ಲಿ ಟೊಳ್ಳು ಉಳಿಸಲು ಒಳಗೆ ಇಡುವ ಅಚ್ಚು) ಬೇಕು, ಗೋಡೆಯ ದಪ್ಪ ಎಲ್ಲ ಕಡೆ ಒಂದೇ ಇರಬೇಕು, ಎರಕದವರು ಅರ್ಧ ಮಿಲಿಮೀಟರ್ ಬದಲಿಸಿ ಅಂದರೆ ಬದಲಿಸಲು ಬರಬೇಕು. ಕೆತ್ತಿದ ಮೆಶ್‌ನಲ್ಲಿ (ಸಣ್ಣ ಸಣ್ಣ ಮುಖಗಳ ಬಲೆ) ಅದು ಕಷ್ಟ. ಎಲೆ ಹಣ್ಣುಗಳನ್ನು ಬೇಕಾದರೆ ಬ್ಲೆಂಡರ್‌ನಲ್ಲಿ ಮಾಡಿ ಕೊನೆಗೆ ಸೇರಿಸಬಹುದು, ಅದಕ್ಕೆ ನನ್ನ ಅಡ್ಡಿಯಿಲ್ಲ. ಮೈ ಮಾತ್ರ ಕ್ಯಾಡ್.

ನಾನು ಬೆಂಗಳೂರಿನಲ್ಲಿ ಬಹಳ ವರ್ಷ ವಾಹನಗಳ ಹೊರಮೈ ಮಾಡುವ ಕೆಲಸದಲ್ಲಿದ್ದೆ, ಈಗ ಊರಿಗೆ ಬಂದು ಇಲ್ಲಿಂದಲೇ ಕೆಲಸ ಮಾಡುತ್ತೇನೆ. ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ಪಟ್ಟಿ ಕಾಣುತ್ತಿದೆ, ಕೈಗೆ ಸಿಗುತ್ತಿಲ್ಲ ಅಂದಿರಲ್ಲ, ಅಷ್ಟು ಗಮನಿಸುವ ಕಣ್ಣಿದ್ದರೆ ಉಳಿದದ್ದು ಕಲಿಯಬಹುದು.

ಮೊದಲು ರೆಂಬೆಯನ್ನು ಪೂರ್ತಿ ಹೈಡ್ ಮಾಡಿ. ಬರಿಯ ಗಿಂಡಿ ತಾನಾಗಿ ಚೆನ್ನಾಗಿ ಕಾಣುವವರೆಗೆ ಎಲೆಯ ಸುದ್ದಿಗೇ ಹೋಗಬೇಡಿ. ಉಬ್ಬುಕೆಲಸ ಎದ್ದು ಕಾಣುವುದು ಅದರ ಕೆಳಗಿನ ಮೈ ಶಾಂತವಾಗಿದ್ದಾಗ. ಮೈಯಲ್ಲೇ ಪಟ್ಟಿ, ಅಲೆ ಇದ್ದರೆ ನೋಡುವವರ ಕಣ್ಣು ಎಲೆ ಯಾವುದು, ಅಲೆ ಯಾವುದು ಅಂತ ಬೇರೆ ಮಾಡಲಾರದೆ ಒದ್ದಾಡುತ್ತದೆ. ಅಲೆಯನ್ನು ರೆಂಬೆಯಿಂದ ಮುಚ್ಚಬಹುದು ಅನ್ನುವ ಆಸೆ ಬಂದರೆ ಅದನ್ನು ಅಲ್ಲೇ ಬಿಟ್ಟುಬಿಡಿ.

ಪಟ್ಟಿ ಯಾಕೆ ಬರುತ್ತದೆ ನೋಡಿ. ನಿಮ್ಮ ಹೊಟ್ಟೆಯ ಆರ್ಕ್ 60 ಮಿ.ಮೀ. ತ್ರಿಜ್ಯದ್ದು, ಹೊರಕ್ಕೆ ಉಬ್ಬಿದ್ದು. ಕಂಠದ ಆರ್ಕ್ ಸುಮಾರು 25 ಮಿ.ಮೀ. ಇರಬಹುದು, ಒಳಕ್ಕೆ ಬಾಗಿದ್ದು. ಟ್ಯಾಂಜೆಂಟ್ ಕೊಟ್ಟಿದ್ದರಿಂದ ಎರಡರ ದಿಕ್ಕು ಕೂಡಿದೆ. ಆದರೆ ಬಾಗು ಕೂಡಿಲ್ಲ. ಬಾಗು ಅಂದರೆ ಒಂದನ್ನು ತ್ರಿಜ್ಯದಿಂದ ಭಾಗಿಸಿದ್ದು: ಹೊಟ್ಟೆ ಕಡೆ 0.017, ಕಂಠದ ಕಡೆ ಉಲ್ಟಾ ದಿಕ್ಕಿನಲ್ಲಿ 0.04. ಒಂದೇ ಬಿಂದುವಿನಲ್ಲಿ ಒಂದರಿಂದ ಇನ್ನೊಂದಕ್ಕೆ ಹಾರಿಬಿಡುತ್ತದೆ. ಬೆರಳಿಗೆ ಇದು ತಿಳಿಯುವುದಿಲ್ಲ. ಹೊಳೆಯುವ ಮೈಯಲ್ಲಿ ಬೀಳುವ ಬೆಳಕಿನ ಗೆರೆಗೆ ಗೊತ್ತಾಗುತ್ತದೆ. ಅಂಚು ಮಾತ್ರ ಕೂಡಿದ್ದರೆ (ಇದಕ್ಕೆ ಜಿ-0 ಅನ್ನುತ್ತಾರೆ) ಬೆಳಕಿನ ಗೆರೆ ತುಂಡಾಗುತ್ತದೆ. ದಿಕ್ಕೂ ಕೂಡಿದ್ದರೆ (ಜಿ-1) ತುಂಡಾಗದೆ ಮೂಲೆ ಮುರಿಯುತ್ತದೆ. ಬಾಗೂ ಕೂಡಿದ್ದರೆ (ಜಿ-2) ಹರಿದುಕೊಂಡು ಹೋಗುತ್ತದೆ. ಫಿಲೆಟ್ ಅನ್ನುವುದು ಜಿ-1. ಪಂಪಿನ ಕವರ್‌ಗೆ ಅದು ಧಾರಾಳ ಸಾಕು. ಪಾಲಿಶ್ ಮಾಡಿದ ಹಿತ್ತಾಳೆಗೆ ಸಾಲದು.

ಆದ್ದರಿಂದ ಆರ್ಕ್‌ಗಳನ್ನೆಲ್ಲ ತೆಗೆದುಹಾಕಿ, ಅಡಿಯಿಂದ ಬಾಯಿಯವರೆಗೆ ಒಂದೇ ಬಿ-ಸ್ಪ್ಲೈನ್ (ಕೆಲವು ಪಾಯಿಂಟ್‌ಗಳನ್ನು ಸರಿಸಿ ಬಾಗಿಸುವ ಗೆರೆ) ಬರೆಯಿರಿ. ಕಂಟ್ರೋಲ್ ಪಾಯಿಂಟ್ ಆರು, ಹೆಚ್ಚೆಂದರೆ ಏಳು. ಕಡಿಮೆ ಪಾಯಿಂಟ್ ಇದ್ದಾಗ ಗೆರೆಗೆ ನಡುಗಲು ಜಾಗವೇ ಇರುವುದಿಲ್ಲ. ಸ್ಕೆಚ್‌ನಲ್ಲಿ ಬಿ-ಸ್ಪ್ಲೈನ್‌ಗೆ ಕರ್ವೇಚರ್ ಕೋಂಬ್ ತೋರಿಸುವ ಬಟನ್ ಇದೆ, ಒತ್ತಿ. ಗೆರೆಯ ಮೇಲೆ ಬಾಚಣಿಗೆ ಹಲ್ಲಿನ ಹಾಗೆ ಕಡ್ಡಿಗಳು ನಿಲ್ಲುತ್ತವೆ, ಬಾಗು ಹೆಚ್ಚಾದಲ್ಲಿ ಉದ್ದ, ಕಡಿಮೆಯಾದಲ್ಲಿ ಗಿಡ್ಡ. ಕಡ್ಡಿಗಳ ತುದಿ ನಿಧಾನ ಏರಿ, ನಿಧಾನ ಇಳಿದು, ಹೊಟ್ಟೆಯಿಂದ ಕಂಠಕ್ಕೆ ತಿರುಗುವಲ್ಲಿ ಒಂದೇ ಸಲ ಸೊನ್ನೆ ದಾಟಬೇಕು. ಎರಡು ಮೂರು ಸಲ ಏರಿಳಿದರೆ ಪಾಯಿಂಟ್ ಸರಿಸಿ, ಇಲ್ಲವೇ ಒಂದನ್ನು ತೆಗೆದುಹಾಕಿ. ಸರಿಸುವಾಗ ಕಣ್ಣು ಗೆರೆಯ ಮೇಲೆ ಬೇಡ, ಕೋಂಬ್ ಮೇಲೆ ಇರಲಿ. ಈ ವಿದ್ಯೆ ಕಾರುಗಳಿಂದಲೇ ಬಂದದ್ದು. ಸಿಟ್ರೊಯೆನ್ ಕಂಪನಿಯಲ್ಲಿ ಡಿ ಕ್ಯಾಸ್ಟಲ್‌ಜೊ 1959ರಲ್ಲಿ, ಆಮೇಲೆ ರೆನೊ ಕಂಪನಿಯಲ್ಲಿ ಬೆಜಿಯೆ, ಇಬ್ಬರೂ ಕಾರಿನ ತಗಡಿನ ಬಾಗನ್ನು ಕೆಲವೇ ಪಾಯಿಂಟ್‌ಗಳಲ್ಲಿ ಹಿಡಿಯುವ ದಾರಿ ಹುಡುಕಿದವರು.

ಮೂತಿಯದ್ದೂ ಇದೇ ಕಥೆ. ಏಳು ಸೆಕ್ಷನ್ ಇಟ್ಟರೆ ಲಾಫ್ಟ್ ಏಳರ ಮೂಲಕವೂ ಹಾಯಲೇಬೇಕು, ಅಲೆ ಬರುವುದು ಅದಕ್ಕೇ. ಬುಡದಲ್ಲಿ ಒಂದು, ಬಾಗುವಲ್ಲಿ ಒಂದು, ತುದಿಯಲ್ಲಿ ಒಂದು, ಮೂರು ಸಾಕು. ಮೂರರಲ್ಲೂ ಪಾಯಿಂಟ್‌ಗಳ ಸಂಖ್ಯೆ ಒಂದೇ ಇರಲಿ, ಶುರುವಾಗುವ ಪಾಯಿಂಟ್ ಒಂದೇ ಬದಿಗಿರಲಿ, ಇಲ್ಲವಾದರೆ ಮೈ ತಿರುಚಿಕೊಳ್ಳುತ್ತದೆ. ಮೇಲಿನ ಬೆನ್ನು ಮತ್ತು ಕೆಳಗಿನ ಗಂಟಲು ಹೀಗೇ ಹೋಗಬೇಕು ಅಂತ ನಿಮಗೆ ಹಟವಿದ್ದರೆ ಕರ್ವ್ಸ್ ವರ್ಕ್‌ಬೆಂಚ್ ಹಾಕಿಕೊಂಡು ಗೋರ್ಡನ್ (Gordon) ಸರ್ಫೇಸ್ ಬಳಸಿ. ಅಡ್ಡಗೆರೆ ಉದ್ದಗೆರೆ ಎರಡನ್ನೂ ಅದು ಒಪ್ಪುತ್ತದೆ.

ಕೂಡಿಸುವುದು ಹೇಗೆ? ಹೆಚ್ಚಿನವರು ಎಡವುವುದು ಇಲ್ಲೇ. ಮೂತಿಯನ್ನು ಹೊಟ್ಟೆಯೊಳಕ್ಕೆ ತೂರಿಸಿ ಅಂಚನ್ನು ಉರುಟು ಮಾಡಲು ಹೋಗಬೇಡಿ. ಹೊಟ್ಟೆಯಲ್ಲಿ ಮೂತಿಯ ಬುಡಕ್ಕಿಂತ ದೊಡ್ಡ ರಂಧ್ರ ಕತ್ತರಿಸಿ. ಮೂತಿಯನ್ನೂ ಬುಡದಿಂದ 12, 15 ಮಿ.ಮೀ. ಹಿಂದಕ್ಕೆ ಕತ್ತರಿಸಿ. ನಡುವೆ ಖಾಲಿ ಜಾಗ ಉಳಿಯುತ್ತದೆ. ಆ ಜಾಗವನ್ನು ಬ್ಲೆಂಡ್ ಸರ್ಫೇಸ್‌ನಿಂದ ಎರಡೂ ಕಡೆ ಜಿ-2 ಕೊಟ್ಟು ತುಂಬಿ. ಜಾಗ ಅಗಲವಾಗಿದ್ದಷ್ಟೂ ಬಾಗು ನಿಧಾನವಾಗಿ ಬದಲಾಗಲು ಅವಕಾಶ. 8 ಮಿ.ಮೀ.ನಲ್ಲಿ ಎಲ್ಲವನ್ನೂ ಮುಗಿಸು ಅಂದರೆ ಯಾವ ಸಾಫ್ಟ್‌ವೇರ್ ತಾನೇ ಏನು ಮಾಡೀತು? ಎಡ ಬಲ ಒಂದೇ ಥರ ಇರುವುದರಿಂದ ಅರ್ಧ ಮಾತ್ರ ಮಾಡಿ ಮಿರರ್ ಮಾಡಿ, ಆದರೆ ನಡುಗೆರೆಯಲ್ಲಿ ಪಾಯಿಂಟ್‌ಗಳು ಕನ್ನಡಿಗೆ ನೇರ ಲಂಬವಾಗಿ ಹೊರಡಬೇಕು, ಇಲ್ಲದಿದ್ದರೆ ಅಲ್ಲೊಂದು ಏಣು ಬರುತ್ತದೆ.

ಇಷ್ಟಾದ ಮೇಲೆ ಜೀಬ್ರಾ (ಮೈಮೇಲೆ ಕಪ್ಪು ಬಿಳಿ ಪಟ್ಟೆಗಳ ಪ್ರತಿಬಿಂಬ ತೋರಿಸುವ ವ್ಯೂ) ಹಾಕಿ ತಿರುಗಿಸಿ ನೋಡಿ. ಸ್ಕ್ರೀನ್ ಸಾಲದು ಅನಿಸಿದರೆ, ಉಜ್ಜಿದ ಪ್ರಿಂಟ್‌ಗೆ ನೀರು ಸವರಿ ರಾತ್ರಿ ಟ್ಯೂಬ್‌ಲೈಟ್ ಕೆಳಗೆ ಹಿಡಿಯಿರಿ. ಒದ್ದೆ ಮೈ ಹೊಳೆಯುತ್ತದೆ, ಪೇಂಟ್ ಹೊಡೆಯುವ ಖರ್ಚಿಲ್ಲ. ನಿಮಗೆ ಇನ್ನೂ ಒಂದು ಅನುಕೂಲವಿದೆ, ಬೇಲೂರು ಹತ್ತಿರವಿದೆ. ಚೆನ್ನಕೇಶವ ದೇವಾಲಯದ ನವರಂಗದಲ್ಲಿ ಕಡೆದ ಕಂಬಗಳ ಪಕ್ಕ ನಿಂತು, ಬಾಗಿಲಿನಿಂದ ಬರುವ ಬೆಳಕು ಕಂಬದ ಗಂಟೆಯಾಕಾರದ ಮೈಮೇಲೆ ಹೇಗೆ ಇಳಿಯುತ್ತದೆ ನೋಡಿ. ನೀವು ಒಂದು ಹೆಜ್ಜೆ ಸರಿದರೆ ಅದೂ ಸರಿಯುತ್ತದೆ, ಎಲ್ಲೂ ಮುರಿಯುವುದಿಲ್ಲ. ಎಲ್ಲಿ ಮುರಿಯಬೇಕೋ ಅಲ್ಲಿ ಮಾತ್ರ ಚೂಪಾದ ಬಳೆ ಕೊಟ್ಟಿದ್ದಾರೆ. 1117ರ ಕೆಲಸ. ಅಲ್ಲೇ ನರಸಿಂಹ ಕಂಬವೂ ಇದೆ, ಮೈತುಂಬ ಪುಟ್ಟ ಪುಟ್ಟ ವಿಗ್ರಹಗಳು. ಅಷ್ಟು ಕೆತ್ತಿದ ಮೇಲೂ ದೂರದಿಂದ ನೋಡಿದರೆ ಕಂಬದ ಆಕಾರ ಕೆಟ್ಟಿಲ್ಲ.

ಇನ್ನು ರೆಂಬೆ. ಪೂರ್ತಿ ರೆಂಬೆಯನ್ನು ಒಂದು ಚಿತ್ರ ಮಾಡಿ ಹೊಟ್ಟೆಗೆ ಸುತ್ತುತ್ತೇನೆ ಅನ್ನುವ ಯೋಚನೆಯನ್ನು ಬಿಡಿ. ಸಿಲಿಂಡರ್, ಕೋನ್ ಆದರೆ ಸುತ್ತಬಹುದು, ಅವನ್ನು ಬಿಚ್ಚಿದರೆ ಹಾಳೆಯಾಗುತ್ತದೆ. ಗಿಂಡಿಯ ಹೊಟ್ಟೆ ಎರಡೂ ದಿಕ್ಕಿಗೆ ಬಾಗಿದ್ದು. ಅಂಥ ಮೈಯನ್ನು ಎಳೆಯದೆ, ಹರಿಯದೆ ಚಪ್ಪಟೆ ಮಾಡಲು ಬರುವುದೇ ಇಲ್ಲ ಅಂತ ಗೌಸ್ 1827ರಲ್ಲೇ ಸಾಧಿಸಿ ತೋರಿಸಿದ. ನಿಮ್ಮ ಎಲೆ ಎಳೆದುಕೊಳ್ಳುವುದರಲ್ಲಿ ಸಾಫ್ಟ್‌ವೇರ್ ತಪ್ಪಿಲ್ಲ.

ನಾನು ಮಾಡುವ ಕ್ರಮ ಹೇಳುತ್ತೇನೆ. ಮೊದಲು ಕಾಂಡದ ಗೆರೆಯೊಂದನ್ನೇ ಹೊಟ್ಟೆಯ ಮೇಲ್ಮೈಯಲ್ಲಿ ಎಳೆಯಿರಿ. ಅದು ಹೊಟ್ಟೆಯ ಅತಿ ಅಗಲದ ಜಾಗವನ್ನು ಓರೆಯಾಗಿ ದಾಟಲಿ. ಅದರ ಮೇಲೆ ಸಣ್ಣ ವೃತ್ತವನ್ನು ಸ್ವೀಪ್ ಮಾಡಿ, ವೃತ್ತದ ಕೇಂದ್ರ ಮೈಗಿಂತ ತುಸು ಕೆಳಗಿರಲಿ, ಬುಡದಿಂದ ತುದಿಗೆ ಸಣ್ಣದಾಗುತ್ತ ಹೋಗಲಿ. ಆಮೇಲೆ ಎಲೆಗಳನ್ನು ಒಂದೊಂದಾಗಿ ಇಡಿ. ಪ್ರತಿ ಎಲೆಗೂ ಅದು ಕೂರುವ ಜಾಗದಲ್ಲಿ ಮೈಗೆ ಸಮವಾಗಿ ಒಂದು ಸಣ್ಣ ಪ್ಲೇನ್ ಇಟ್ಟು, ಅಲ್ಲಿಂದ ಹೊರಗೆರೆಯನ್ನು ಪ್ರೊಜೆಕ್ಟ್ ಮಾಡಿ. 35 ಮಿ.ಮೀ. ಎಲೆಗೆ 120ರ ಹೊಟ್ಟೆಯಲ್ಲಿ ಬರುವ ಎಳೆತ ಕಣ್ಣಿಗೆ ಕಾಣದಷ್ಟು. ಹೊರಗೆರೆ ಮೈಮೇಲೇ ಇರುತ್ತದೆ. ಈಗ ನಡುನರವನ್ನು ಬೇರೆ ಗೆರೆಯಾಗಿ ಬರೆಯಿರಿ: ತೊಟ್ಟಿನ ಹತ್ತಿರ ಮೈಯಿಂದ 1.5 ಮಿ.ಮೀ. ಮೇಲೆ, ನಡುವಿನಿಂದ ಮುಂದೆ ಇಳಿಯುತ್ತ ತುದಿಯಲ್ಲಿ ಸೊನ್ನೆ. ಸರ್ಫೇಸ್ ವರ್ಕ್‌ಬೆಂಚಿನ ಫಿಲ್ಲಿಂಗ್‌ಗೆ ಹೊರಗೆರೆಯನ್ನು ಬೌಂಡರಿಯಾಗಿ, ನರವನ್ನು ಒಳಗಿನ ಗೆರೆಯಾಗಿ ಕೊಡಿ. ಎಲೆ ಮೈಯಿಂದ ಎದ್ದು ಮತ್ತೆ ಮೈಯೊಳಕ್ಕೆ ಕರಗುತ್ತದೆ. ಆಫ್‌ಸೆಟ್‌ನಲ್ಲಿ ನಿಮಗೆ ಸಿಗದೇ ಇದ್ದದ್ದು ಇದೇ. ಎತ್ತರ ಎಲ್ಲ ಕಡೆ ಒಂದೇ ಇದ್ದರೆ ಅದಕ್ಕೆ ಜೀವ ಬರುವುದಿಲ್ಲ.

ಶ್ರವಣಬೆಳಗೊಳಕ್ಕೆ ಹೋದಾಗ ಗೊಮ್ಮಟನ ತೊಡೆ, ತೋಳಿನ ಮೇಲೆ ಹಬ್ಬಿದ ಬಳ್ಳಿಯನ್ನು ಇನ್ನೊಮ್ಮೆ ನೋಡಿ ಬನ್ನಿ. 58 ಅಡಿಯ ಮೂರ್ತಿ. ಬಳ್ಳಿ ಸುತ್ತಿಕೊಂಡು ಮೇಲೇರುತ್ತದೆ, ಎಲೆಗಳು ಒಂದೊಂದು ಕಡೆ ತಿರುಗಿವೆ, ಆದರೆ ತೊಡೆಯ ದುಂಡು ಬಳ್ಳಿಯ ಕೆಳಗೆ ಹಾಗೇ ಮುಂದುವರಿಯುತ್ತದೆ. ಬಳ್ಳಿಯನ್ನು ಮನಸ್ಸಿನಲ್ಲೇ ಅಳಿಸಿದರೂ ತೊಡೆ ಪೂರ್ತಿಯಾಗಿ ಉಳಿಯುತ್ತದೆ. ನಿಮ್ಮ ಗಿಂಡಿಯಲ್ಲೂ ಹಾಗಾಗಬೇಕು.

ತೋಟದಮನೆ (ಚಿಕ್ಕಮಗಳೂರು):

ತಮ್ಮಾ, ಕಂಪ್ಯೂಟರ್ ವಿಷಯ ನನಗೆ ತಿಳಿಯದು, ಕಾಫಿ ಗಿಡ ತಿಳಿಯುತ್ತದೆ. ಎಷ್ಟೋ ಕಡೆ ಕಪ್ಪಿನ ಮೇಲೆ, ಬೋರ್ಡಿನ ಮೇಲೆ ಕಾಫಿ ರೆಂಬೆ ಅಂತ ಬರೆದದ್ದು ನೋಡಿದರೆ ದ್ರಾಕ್ಷಿ ಗೊಂಚಲಿನ ಹಾಗೆ ಹಣ್ಣು ಜೋತುಬಿದ್ದಿರುತ್ತದೆ. ತೋಟದವರ ಮನೆಗೆ ಹೋಗುವ ಗಿಂಡಿಯಲ್ಲಿ ಹಾಗಾಗಬಾರದು, ಅದಕ್ಕೇ ಬರೆಯುತ್ತಿದ್ದೇನೆ.

ಎಲೆ ಯಾವಾಗಲೂ ಜೋಡಿ, ಗಿಣ್ಣಿನಲ್ಲಿ ಎದುರುಬದುರು. ಆಚೆ ಒಂದು ಈಚೆ ಒಂದು ಅಂತ ಮೇಲೆ ಕೆಳಗೆ ಮಾಡಬೇಡಿ. ಹಣ್ಣು ಬರುವುದು ಅದೇ ಗಿಣ್ಣಿನಲ್ಲಿ, ಎಲೆ ಜೋಡಿಯ ಕಂಕುಳಲ್ಲಿ, ರೆಂಬೆಗೆ ಒತ್ತಿಕೊಂಡು ಗುಂಪಾಗಿ. ತೊಟ್ಟು ಬಹಳ ಗಿಡ್ಡ. ಹಣ್ಣು ಪೂರ್ತಿ ಗುಂಡಗಲ್ಲ, ತುಸು ಉದ್ದ, ತುದಿಯಲ್ಲಿ ಹೊಕ್ಕುಳಿನ ಹಾಗೆ ಸಣ್ಣ ಗುರುತಿದೆ. ಆ ಗುರುತು ಒಂದೆರಡು ಹಣ್ಣಿನಲ್ಲಿ ಕಂಡರೂ ಗೊತ್ತಿದ್ದವರು ಕಾಫಿ ಅಂತ ಹಿಡಿದುಬಿಡುತ್ತಾರೆ. ಅರೇಬಿಕಾ ಎಲೆಯ ಅಂಚು ಅಲೆಅಲೆ, ತುದಿ ಚೂಪಾಗಿ ಎಳೆದಿರುತ್ತದೆ. ರೊಬಸ್ಟಾ ಎಲೆ ದೊಡ್ಡದು, ನರಗಳ ನಡುವೆ ಉಬ್ಬುಬ್ಬು. ಸೋದರಮಾವನ ತೋಟದಲ್ಲಿ ಯಾವುದಿದೆ ಕೇಳಿ, ಅದನ್ನೇ ಮಾಡಿ. ರೆಂಬೆಯ ತುದಿಯಲ್ಲಿ ಎಳೆಯ ಎಲೆಗಳ ಒಂದು ಸಣ್ಣ ಜೋಡಿ ಇರಲಿ.

ಇನ್ನೊಂದು. ಹೂವನ್ನೂ ಕೆಂಪು ಹಣ್ಣನ್ನೂ ಒಂದೇ ರೆಂಬೆಯಲ್ಲಿ ಸೇರಿಸಬೇಡಿ. ಹೂ ಆಗುವುದು ಮಾರ್ಚ್, ಏಪ್ರಿಲ್ ಮಳೆ ಬಿದ್ದ ಮೇಲೆ. ಅರೇಬಿಕಾ ಕುಯ್ಲು ನವೆಂಬರ್ ಹೊತ್ತಿಗೆ ಶುರು. ಫೋಟೊ ಟ್ರೇಸ್ ಮಾಡುವ ಬದಲು ಒಂದು ರೆಂಬೆ ಮುರಿದು ತಂದು ಮೇಜಿನ ಮೇಲೆ ಇಟ್ಟುಕೊಳ್ಳಿ, ಅದು ಫೋಟೊಗಿಂತ ಚೆನ್ನಾಗಿ ಹೇಳಿಕೊಡುತ್ತದೆ.

ಮರದಚ್ಚು (ಹಾಸನ):

ನಾನು ಪ್ಯಾಟರ್ನ್ ಕೆಲಸದವನು. ಮೊದಲು ಮರದಲ್ಲಿ, ಈಗ ಪ್ರಿಂಟ್‌ನಲ್ಲೂ ಮಾಡಿಕೊಡುತ್ತೇನೆ. ಯಗಚಿಯವರು ಹೇಳಿದ್ದೆಲ್ಲ ಸರಿ, ಆದರೆ ಮರಳಿನಿಂದ ಪ್ಯಾಟರ್ನ್ ಮೇಲೆ ಬರಬೇಕಲ್ಲ, ಆ ಮಾತು ಯಾರೂ ಎತ್ತಿಲ್ಲ.

ಗಿಂಡಿಯನ್ನು ಮೂತಿಯ ನಡುವೆ ಉದ್ದಕ್ಕೆ ಸೀಳಿ ಎರಡು ಭಾಗ ಮಾಡುತ್ತೀರಿ, ಒಂದು ಮೇಲಿನ ಬಾಕ್ಸಿಗೆ, ಒಂದು ಕೆಳಗಿನ ಬಾಕ್ಸಿಗೆ. ಅರ್ಧ ಗಿಂಡಿಯನ್ನು ಮೇಜಿನ ಮೇಲೆ ಬೋರಲು ಹಾಕಿದ್ದೀರಿ ಅಂದುಕೊಳ್ಳಿ. ನೆತ್ತಿಯಲ್ಲಿ ಇರುವ ಎಲೆ ನೇರ ಮೇಲಕ್ಕೆ ನೋಡುತ್ತದೆ, ಅದಕ್ಕೆ ತೊಂದರೆಯಿಲ್ಲ. ಪಕ್ಕಕ್ಕೆ ಜಾರಿದ ಎಲೆ ಓರೆಯಾಗಿ ನೋಡುತ್ತದೆ. ಅದನ್ನು ಮೈಗೆ ಲಂಬವಾಗಿ ಎಬ್ಬಿಸಿದರೆ ಕೆಳಗಡೆಯ ಅಂಚು ಮರಳಿನ ಒಳಗೆ ಕೊಕ್ಕೆ ಹಾಕಿಕೊಳ್ಳುತ್ತದೆ. ಪ್ಯಾಟರ್ನ್ ಎತ್ತಿದಾಗ ಮರಳು ಕಿತ್ತುಕೊಂಡು ಬರುತ್ತದೆ. ನೆತ್ತಿಯಿಂದ ಎಷ್ಟು ಡಿಗ್ರಿ ಜಾರಿದ್ದೀರೋ ಅಷ್ಟು ಡಿಗ್ರಿಗಿಂತ ಹೆಚ್ಚು ಇಳಿಜಾರು ಆ ಅಂಚಿಗೆ ಇರಬೇಕು, ಅದರ ಮೇಲೆ ಡ್ರಾಫ್ಟ್ (ಪ್ಯಾಟರ್ನ್ ಸಲೀಸಾಗಿ ಹೊರಬರಲು ಕೊಡುವ ಓರೆ) ಎರಡು ಡಿಗ್ರಿಯಾದರೂ ಸೇರಿಸಿ. ಅಂದರೆ ಎಲೆಯ ಅಂಚು 45 ಡಿಗ್ರಿ ಓರೆಯಿದ್ದರೆ ನೆತ್ತಿಯಿಂದ 40 ಡಿಗ್ರಿವರೆಗೆ ಧೈರ್ಯವಾಗಿ ಹೋಗಬಹುದು, ಅದರಾಚೆ ಬೇಡ. ಹೊಟ್ಟೆ ಮೇಲಕ್ಕೂ ಕೆಳಕ್ಕೂ ಬಾಗಿದೆ, ಲೆಕ್ಕ ಆ ಕಡೆಗೂ ಇದೇ. ರೆಂಬೆಯನ್ನು ಎರಡೂ ಅರ್ಧಗಳ ನೆತ್ತಿಯ ಸುತ್ತ ಇಟ್ಟುಕೊಳ್ಳಿ. ಸೀಳುವ ಗೆರೆಯನ್ನು ದಾಟಿಸಲು ಹೋಗಬೇಡಿ.

ಪರೀಕ್ಷೆ ಸುಲಭ. ಪ್ಯಾಟರ್ನ್ ಎತ್ತುವ ದಿಕ್ಕಿನಿಂದ ನೇರ ನೋಡುವ ಹಾಗೆ ವ್ಯೂ ತಿರುಗಿಸಿ. ಎಲೆ, ಹಣ್ಣುಗಳ ಯಾವ ಅಂಚು ಕಣ್ಣಿಗೆ ಮರೆಯಾಗುತ್ತದೋ ಅದು ಮರಳಿಗೆ ಕಚ್ಚುತ್ತದೆ. ಹಣ್ಣನ್ನು ಅರ್ಧಕ್ಕಿಂತ ಹೆಚ್ಚು ಹೊರಗೆ ಬಿಟ್ಟರೆ ಅದರ ಬುಡ ಕಚ್ಚುತ್ತದೆ, ಅರ್ಧಕ್ಕಿಂತ ಜಾಸ್ತಿ ಮೈಯೊಳಗೇ ಹುದುಗಿಸಿ. ಪಕ್ಕದ ಹಣ್ಣುಗಳನ್ನು ಇನ್ನೂ ಆಳಕ್ಕೆ.

ಇಷ್ಟೆಲ್ಲ ಬೇಡ, ರೆಂಬೆ ಸುತ್ತಲೂ ಹಬ್ಬಲೇಬೇಕು ಅನ್ನುವುದಾದರೆ ಮೇಣದ ಎರಕಕ್ಕೆ ಹೋಗಬೇಕು. ಅದರಲ್ಲಿ ಮೇಣ ಕರಗಿ ಹೋಗುವುದರಿಂದ ಕಚ್ಚುವ ಪ್ರಶ್ನೆ ಬರುವುದಿಲ್ಲ. ಆದರೆ ಒಂದು ಗಿಂಡಿಗೆ ಒಂದು ಮೇಣದ ಅಚ್ಚು ಹೋಗುತ್ತದೆ, ಖರ್ಚು ನೋಡಿಕೊಳ್ಳಿ.

ಹಿತ್ತಾಳೆ ಆರುವಾಗ ಕುಗ್ಗುತ್ತದೆ. ಸುಮಾರು ಶೇ. 1.5 ಹಿಡಿಯುತ್ತೇವೆ. 150 ಬೇಕಿದ್ದರೆ ಪ್ಯಾಟರ್ನ್ 152.25. ಎರಕದವರು ಬೇರೆ ಲೆಕ್ಕ ಹೇಳಿದರೆ ಅವರದ್ದೇ ಕೇಳಿ, ಅವರ ಲೋಹ ಅವರಿಗೆ ಗೊತ್ತು. ಎಲ್ಲ ಮುಗಿದ ಮೇಲೆ ಕೊನೆಗೆ ಒಂದೇ ಸಲ ಸ್ಕೇಲ್ ಮಾಡಿ, ಮಧ್ಯದಲ್ಲಿ ಮಾಡಬೇಡಿ. ಬಾಯಿಯಲ್ಲೂ ಮೂತಿಯ ತುದಿಯಲ್ಲೂ ಕೋರ್ ಪ್ರಿಂಟ್ ಬಿಡಿ, ಕೋರ್ ಕೂರಲು ಜಾಗ ಬೇಕಲ್ಲ. ಮೂತಿಯ ಒಳರಂಧ್ರ ತೀರ ಸಣ್ಣದಾದರೆ ಕೋರ್ ಅಲ್ಲೇ ಮುರಿಯುತ್ತದೆ. ಎಲೆಯ ಪಕ್ಕನರಗಳನ್ನು ಕೂದಲಿನಷ್ಟು ಸಣ್ಣ ಮಾಡಿದರೆ ಮರಳಿನಲ್ಲಿ ಅರ್ಧ ಹೋಗುತ್ತದೆ, ಉಳಿದದ್ದು ಬಫಿಂಗ್‌ನಲ್ಲಿ ಹೋಗುತ್ತದೆ. ನಾಲ್ಕೈದು ನರ ಸಾಕು, ದಪ್ಪಗಿರಲಿ.

ಹೇಮಾವತಿ ದಂಡೆ:

ಯಗಚಿಯವರೇ, ತೋಟದಮನೆ ಅಮ್ಮ, ಮರದಚ್ಚು ಅಣ್ಣ, ಮೂವರಿಗೂ ತುಂಬಾ ಧನ್ಯವಾದ. ಮಾವನ ತೋಟದಲ್ಲಿ ಇರುವುದು ಅರೇಬಿಕಾ. ರೆಂಬೆ ತರಿಸಿ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಎಲೆ ಎದುರುಬದುರಾದ ಮೇಲೆ ಜೋಡಣೆಯೇ ಸುಲಭವಾಯಿತು, ನಡುವೆ ಹಣ್ಣಿನ ಗುಂಪಿಗೆ ತಾನಾಗಿ ಜಾಗ ಸಿಕ್ಕಿತು.

ಪ್ರೊಫೈಲ್ ಆರು ಪಾಯಿಂಟ್‌ಗೆ ಇಳಿಸಿದೆ. ಕೋಂಬ್ ಒಂದೇ ಸಲ ಸೊನ್ನೆ ದಾಟುತ್ತಿದೆ, ಜೀಬ್ರಾದಲ್ಲಿ ಕಂಠದ ಪಟ್ಟಿ ಪೂರ್ತಿ ಹೋಗಿದೆ. ಬ್ಲೆಂಡ್ ಸರ್ಫೇಸ್ ಮಾತ್ರ ಮೂತಿಯ ಕೆಳಗಡೆ, ಗಂಟಲಿನ ಹತ್ತಿರ ಹೊರಕ್ಕೆ ಉಬ್ಬಿಕೊಳ್ಳುತ್ತಿದೆ, ಮೇಲ್ಗಡೆ ಸರಿಯಿದೆ. ಮತ್ತೆ ಹೊಸ ಪ್ರಿಂಟ್‌ಗೆ ನೀರು ಸವರಿ ಟ್ಯೂಬ್‌ಲೈಟ್ ಕೆಳಗೆ ಹಿಡಿದರೆ ಹೊಟ್ಟೆಯ ಮೇಲೆ ಸಣ್ಣ ಸಣ್ಣ ಚಪ್ಪಟೆ ಮುಖಗಳು ಕಾಣುತ್ತಿವೆ. ಜೀಬ್ರಾದಲ್ಲಿ ಅವು ಇಲ್ಲ. ಮೇಲ್ಮೈ ಇನ್ನೂ ಸರಿಯಿಲ್ಲವೇ?

ಯಗಚಿ:

ಮೇಲ್ಮೈ ಸರಿಯಿದೆ. ಆ ಚಪ್ಪಟೆ ಮುಖಗಳು ಎಸ್‌ಟಿಎಲ್ (ಪ್ರಿಂಟ್‌ಗೆ ಕೊಡುವ ಫೈಲ್) ಮಾಡುವಾಗ ಬಂದವು. ಎಸ್‌ಟಿಎಲ್‌ನಲ್ಲಿ ಬಾಗು ಅನ್ನುವುದೇ ಇಲ್ಲ, ಎಲ್ಲ ತ್ರಿಕೋನ. ಡಿವಿಯೇಶನ್ (ತ್ರಿಕೋನ ನಿಜವಾದ ಮೈಯಿಂದ ಎಷ್ಟು ಸರಿಯಬಹುದು ಅನ್ನುವ ಮಿತಿ) 0.1 ಮಿ.ಮೀ. ಇಟ್ಟಿದ್ದೀರಿ ಅಂತ ಕಾಣುತ್ತದೆ. ಕೇಳಲು ಅದು ಬಹಳ ಕಡಿಮೆ ಅನಿಸುತ್ತದೆ, ಆದರೆ 60 ಮಿ.ಮೀ. ತ್ರಿಜ್ಯದ ಮೈಯಲ್ಲಿ 0.1 ಬಿಟ್ಟರೆ ಒಂದೊಂದು ಚಪ್ಪಟೆ ಸುಮಾರು 7 ಮಿ.ಮೀ. ಅಗಲ ಆಗಿಬಿಡಬಹುದು. 0.01ಕ್ಕೆ ಇಳಿಸಿದರೆ ಅದು 2.2 ಮಿ.ಮೀ.ಗೆ ಬರುತ್ತದೆ, ಉಜ್ಜಿದಾಗ ಹೋಗುತ್ತದೆ. ಇನ್ನೂ ಕಂಡರೆ 0.005 ಇಡಿ. ಫೈಲ್ ಭಾರವಾಗುತ್ತದೆ, ಆಗಲಿ. ಮೆಶ್ ಮಾಡುವ ಕಡೆ ಕೋನದ ಮಿತಿಯನ್ನೂ ಕಡಿಮೆ ಮಾಡಿ, ಸಣ್ಣ ಹಣ್ಣುಗಳು ದುಂಡಗೆ ಬರುವುದು ಅದರಿಂದ.

ಗಂಟಲು ಉಬ್ಬುವುದಕ್ಕೆ ಕಾರಣ, ಮೇಲ್ಗಡೆ ಖಾಲಿ ಜಾಗ ಅಗಲವಾಗಿದೆ, ಕೆಳಗಡೆ ಕಿರಿದಾಗಿದೆ. ಎರಡೂ ಕಡೆ ಒಂದೇ ಬಲದಲ್ಲಿ ಎಳೆದರೆ ಕಿರಿದಾದ ಕಡೆ ಹೆಚ್ಚಾಗುತ್ತದೆ. ಬ್ಲೆಂಡ್ ಸರ್ಫೇಸ್‌ನ ಪ್ರಾಪರ್ಟಿಯಲ್ಲಿ ಸ್ಕೇಲ್ ಇದೆ, ಅದನ್ನು ಸ್ವಲ್ಪ ಸ್ವಲ್ಪ ಇಳಿಸಿ ನೋಡಿ. ಅದರಿಂದ ಮೇಲ್ಗಡೆ ಕೆಟ್ಟರೆ ಹೊಟ್ಟೆಯ ರಂಧ್ರವನ್ನೇ ಬದಲಿಸಿ: ವೃತ್ತದ ಬದಲು ಕೆಳಕ್ಕೆ ಇಳಿದ ಮೊಟ್ಟೆಯಾಕಾರ ಮಾಡಿ, ಕೆಳಗಡೆಯೂ ಅಷ್ಟೇ ಅಗಲ ಜಾಗ ಸಿಗುವ ಹಾಗೆ. ನನ್ನ ಮಟ್ಟಿಗೆ ಎರಡನೆಯದೇ ಒಳ್ಳೆಯದು. ಆಮೇಲೆ ಹೊಟ್ಟೆ, ಬ್ಲೆಂಡ್, ಮೂತಿ ಮೂರನ್ನೂ ಪಾರ್ಟ್ ವರ್ಕ್‌ಬೆಂಚಿನ ಶೇಪ್ ಬಿಲ್ಡರ್‌ನಲ್ಲಿ ಶೆಲ್ ಮಾಡಿ, ಅಡಿಯನ್ನೂ ಬಾಯಿಯನ್ನೂ ಮುಚ್ಚಿ ಸಾಲಿಡ್ ಮಾಡಿ. ಎಲೆಗಳನ್ನು ಸೇರಿಸುವುದು ಅದರ ನಂತರ. ಮರದಚ್ಚಿನವರು ಹೇಳಿದ 40 ಡಿಗ್ರಿಯನ್ನು ಈಗಲೇ ಹೊಟ್ಟೆಯ ಮೇಲೆ ಒಂದು ಗೆರೆ ಹಾಕಿ ಗುರುತು ಮಾಡಿಕೊಂಡುಬಿಡಿ, ಎಲೆ ಇಡುವಾಗ ಅದನ್ನು ದಾಟಿದ್ದು ತಕ್ಷಣ ಕಾಣುತ್ತದೆ.

ಹಾಂ, ಗಿಂಡಿಯ ಒಳಮೈಯನ್ನು ಹೊರಮೈಯಿಂದ ಆಫ್‌ಸೆಟ್ ತೆಗೆಯುವಾಗ ಎಲೆ ಇಲ್ಲದ ಬರಿಯ ಮೈಯಿಂದ ತೆಗೆಯಿರಿ. ಎಲೆ ಸೇರಿಸಿದ ಮೇಲೆ ತೆಗೆದರೆ ಒಳಗಡೆ ಕೋರ್‌ನಲ್ಲೂ ಎಲೆಗಳ ಗುಂಡಿ ಬೀಳುತ್ತದೆ.